ಒಡಹುಟ್ಟಿದವರು ಯಾರೂ ಇಲ್ಲ

ಹ್ಯಾಂಬರ್ಗ್
11-6-2002

ಪ್ರೀತಿಯ ಅಣ್ಣ,

ನೀನು ಫೋನಿನಲ್ಲಿ ಓದಿ ಹೇಳಿದ, ನಿನ್ನ ಮಗ ಬೀರೇಶನ ರಕ್ತಪರೀಕ್ಷೆಯ ಅಂಕಿಗಳನ್ನು ಇಲ್ಲಿಯ ಮಕ್ಕಳ ಡಾಕ್ಟರಿಗೆ ತೋರಿಸಿದೆ. ಅವರು ಎರಡು ಸಲ ಓದಿ, ಈ ಮಗು ಈಗ ಎಲ್ಲಿದೆ ಎಂದು ಕೇಳಿದರು. ಹುಣಸೂರು ತಾಲ್ಲೂಕಿನ ಹನಗೋಡಿನಲ್ಲಿ, ನಮ್ಮ ಅವ್ವನ ತೊಡೆಯ ಮೇಲೆ ಅಂದೆ. ಮೊದಲು ಆ ತೊಡೆಯಿಂದ ಎತ್ತಿಸು ಅಂದರು.

ಅಣ್ಣ, ಹೆದರಿಸುವುದಕ್ಕೆ ಬರೆಯುತ್ತಿಲ್ಲ, ಆದರೆ ಸಕ್ಕರೆ ಹಚ್ಚಿಯೂ ಬರೆಯಲಾರೆ. ಬೀರೇಶನ ರಕ್ತದಲ್ಲಿ ರೋಗದ ಜೊತೆ ಕಾದಾಡಬೇಕಾದ ಬಿಳಿಕಣಗಳೇ ಹುಟ್ಟುತ್ತಿಲ್ಲ. ಹುಟ್ಟಿದಾಗ ಹಾಕಿಸಿದ ಬಿಸಿಜಿ ಚುಚ್ಚುಮದ್ದಿನ ಗಾಯ ನಾಲ್ಕು ತಿಂಗಳಾದರೂ ಕೀವು ಸೋರುತ್ತಿರುವುದು, ಬಾಯೊಳಗಿನ ಬಿಳಿ ಹುಣ್ಣು ವಾಸಿಯಾಗದಿರುವುದು, ಎಲ್ಲ ಇದರಿಂದಲೇ. ನಮಗೆ ಬರುವ ನೆಗಡಿ ಅವನನ್ನು ಕೊಂಡೊಯ್ಯಬಲ್ಲದು. ಕುದಿಸಿ ಆರಿಸಿದ ನೀರು. ಕೈ ತೊಳೆಯದೆ ಯಾರೂ ಮುಟ್ಟಬಾರದು. ಪೋಲಿಯೋ ಹನಿ ಖಂಡಿತ ಬೇಡ, ಅದರಲ್ಲಿರುವ ಜೀವಂತ ವೈರಸ್ಸು ಅವನಿಗೆ ಆಗದು.

ಇದಕ್ಕೆ ಇರುವ ಒಳ್ಳೆಯ ಮದ್ದು ಒಂದೇ. ಒಡಹುಟ್ಟಿದವರ ರಕ್ತ ಹೊಂದಿದರೆ ಅವರ ಮೂಳೆಮಜ್ಜೆ ತೆಗೆದು ಮಗುವಿಗೆ ಕೊಡುವುದು. ಅಪ್ಪ ಅಮ್ಮನದು ಅರ್ಧ ಮಾತ್ರ ಹೊಂದುತ್ತದೆ, ಅದರಲ್ಲಿ ಅಪಾಯ ಹೆಚ್ಚು. ಬೀರೇಶನಿಗೆ ಒಡಹುಟ್ಟಿದವರು ಇಲ್ಲ. ಅತ್ತಿಗೆಯ ಮೊದಲ ಗಂಡುಮಗು ಹುಟ್ಟುತ್ತಲೇ ಹೋಯಿತು ಎಂದು ನಾನು ಪುಣೆಯಲ್ಲಿ ಓದುತ್ತಿದ್ದಾಗ ನೀನು ಕಾರ್ಡು ಹಾಕಿದ್ದೆ. ಅದೇ ವಾರ ನಮ್ಮ ಅಕ್ಕ ಶಿವನಂಜಕ್ಕನಿಗೆ ಮಗಳು ಸಿಂಧು ಹುಟ್ಟಿದ ಸಂತೋಷದಲ್ಲಿ ನಿಮ್ಮಿಬ್ಬರ ದುಃಖ ಯಾರ ಕಣ್ಣಿಗೂ ಬೀಳಲಿಲ್ಲ ಅನ್ನಿಸುತ್ತದೆ. ಆ ಮಗುವಿಗೂ ಇದೇ ಕಾಯಿಲೆ ಇತ್ತೇ ಎಂದು ಡಾಕ್ಟರು ಕೇಳುತ್ತಾರೆ. ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿದು ಬರುವಂಥದ್ದು. ಅತ್ತಿಗೆಗೆ ಹೇಳುವಾಗ ಜೋಪಾನ, ಇದರಲ್ಲಿ ಅವರ ತಪ್ಪೇನೂ ಇಲ್ಲ. ಆ ಮಗುವಿಗೆ ಏನಾಗಿತ್ತೆಂದು ವಿವರವಾಗಿ ಬರೆ.

ಎರಡನೆಯ ದಾರಿ ನಮ್ಮ ಲ್ಯಾಬಿನದು. ಅದರ ಬಗ್ಗೆ ಮುಂದೆ ಬರೆಯುತ್ತೇನೆ. ಈಗಲೇ ಕುಣಿಯಬೇಡ.

ನಿನ್ನ ತಂಗಿ
ಸುಧಾ

*

ಹನಗೋಡು
29-6-2002

ನಮ್ಮ ಮನೆಯ ಡಾಕ್ಟರಮ್ಮನಿಗೆ,

ಕುಣಿಯಬೇಡ ಅಂದರೆ ಹೇಗೆ? ನೀನು ಹೇಳಿದ್ದನ್ನೆಲ್ಲ ಮಾಡಿದ್ದೇನೆ. ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ, ಕಿಟಕಿಗೆ ಸೊಳ್ಳೆಪರದೆ ಬಡಿದು ರಾಣಿಯನ್ನೂ ಮಗುವನ್ನೂ ಒಳಗೆ ಸೇರಿಸಿದ್ದೇನೆ. ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್ನಿಗೆ ಈ ಸಲ ಬೆಂಕಿ ಹಾಕುವುದಿಲ್ಲ. ಹೊಗೆ ಮನೆಯ ಕಡೆಗೇ ಬರುತ್ತದೆ. ಸೊಪ್ಪನ್ನು ಪಕ್ಕದ ಹೊಲದ ಸಿದ್ದರಾಜುವಿನ ಬ್ಯಾರನ್ನಿನಲ್ಲಿ ಬೇಯಿಸಿಕೊಳ್ಳಲು ಒಪ್ಪಿಸಿದ್ದೇನೆ.

ಅವ್ವ ಬಾಗಿಲ ಹೊರಗೆ ಕೂತು ನಿನಗೆ ದಿನಾ ಮಂಗಳಾರತಿ ಎತ್ತುತ್ತಾಳೆ. “ಮೊಮ್ಮಗನ್ನ ಮುಟ್ಬ್ಯಾಡ ಅಂತಾಳಾ ಆ ಸುಧಾ? ಅವಳನ್ನ ಮುಟ್ಟಿ ಮುಟ್ಟೇ ಅಲ್ವಾ ನಾನು ಇಷ್ಟೆತ್ರ ಮಾಡಿದ್ದು!” ಪೋಲಿಯೋ ಹನಿ ಹಾಕುವ ಮರಮ್ಮ ಬಂದವಳು, “ನಿಮ್ ಮಗ ಒಬ್ಬನ್ನ ಬುಟ್ರೆ ನನ್ ಮ್ಯಾಲೆ ಕಂಪ್ಲೇಂಟ್ ಆಯ್ತದೆ ಕಣ್ರೀ” ಎಂದು ಜಗಳಕ್ಕೇ ನಿಂತಳು. ನಿನ್ನ ಕಾಗದ ಓದಿ ಹೇಳಿದೆ. ವೈರಸ್ಸಿನ ಹೆಸರು ಕೇಳಿ ಬಾಗಿಲಿನಿಂದಲೇ ತಿರುಗಿದಳು.

ಆ ಮೊದಲ ಮಗುವಿನ ಮಾತು ಈಗ ಯಾಕೆ? ಹೋದದ್ದು ಹೋಯಿತು. ರಾಣಿಯ ಮುಂದೆ ಅದನ್ನು ಎತ್ತಬೇಡ. ಮೈಸೂರಿನ ಡಾಕ್ಟರು ಕೇಳಿದಾಗಲೂ ಒಡಹುಟ್ಟಿದವರು ಯಾರೂ ಇಲ್ಲ ಎಂದೇ ಬರೆಸಿದ್ದೇನೆ.

ನಮ್ಮ ಸುಧಾ ವೈರಸ್ಸನ್ನೇ ಪಳಗಿಸಿ ಔಷಧಿ ಮಾಡುತ್ತಾಳೆ ಎಂದು ಹುಣಸೂರಿನ ತಂಬಾಕು ಮಾರ್ಕೆಟ್ಟಿನ ತನಕ ಹೇಳಿಕೊಂಡು ಬಂದವನು ನಾನು. ಆ ಔಷಧಿ ನಿನ್ನ ಅಳಿಯನಿಗೇ ಇಲ್ಲ ಅಂದರೆ ಜನ ನಗುತ್ತಾರೆ ಅಂತಲ್ಲ, ನಾನು ಬದುಕುವುದಿಲ್ಲ. ಬೇಗ ಏರ್ಪಾಡು ಮಾಡು.

ಇಂತಿ
ಮಾದೇಶ

*

ಹ್ಯಾಂಬರ್ಗ್
22-7-2002

ಅಣ್ಣ,

ಮೊದಲು ಒಳ್ಳೆಯ ಸುದ್ದಿ. ಇಲ್ಲಿಯ ಆಸ್ಪತ್ರೆಯಲ್ಲಿ ಇದೇ ಕಾಯಿಲೆಯ ಕೆಲವು ಮಕ್ಕಳಿಗೆ ಪ್ರಯೋಗದ ಚಿಕಿತ್ಸೆ ಶುರುವಾಗಲಿದೆ. ಒಂದು ಜಾಗ ಖಾಲಿ ಇದೆ. ನಮ್ಮ ಪ್ರೊಫೆಸರು ಬೀರೇಶನ ಕಾಗದಪತ್ರ ಕಳಿಸಲು ಹೇಳಿದ್ದಾರೆ. ಕಳಿಸು.

ಇನ್ನು ನನ್ನ ಮನಸ್ಸಿನಲ್ಲಿರುವುದನ್ನು ಕೇಳು. ಪೂರ್ತಿ ಓದು, ಅರ್ಧಕ್ಕೇ ಮಡಚಿಟ್ಟು ಪಾಸ್‌ಪೋರ್ಟಿಗೆ ಓಡಬೇಡ.

ಬೀರೇಶನ ಮಜ್ಜೆಯ ಕಣಗಳಲ್ಲಿ ಒಂದು ಜೀನ್ ಕೆಟ್ಟಿದೆ. ಸರಿಯಾದ ಪ್ರತಿಯೊಂದನ್ನು ಒಳಕ್ಕೆ ಸೇರಿಸಬೇಕು. ಕಣದೊಳಕ್ಕೆ ನುಗ್ಗುವುದರಲ್ಲಿ ರೆಟ್ರೋವೈರಸ್ ಎಂಬ ಜಾತಿಯ ವೈರಸ್ಸಿಗಿಂತ ಗಟ್ಟಿಗರಿಲ್ಲ. ಆದ್ದರಿಂದ ಅದರ ಕೆಡುಕನ್ನೆಲ್ಲ ತೆಗೆದುಹಾಕಿ ಬರೀ ಸಾಗಣೆ ಗಾಡಿಯನ್ನಾಗಿ ಮಾಡಿ, ನಮಗೆ ಬೇಕಾದ ಜೀನನ್ನು ಹೇರಿ ಕಳಿಸುತ್ತೇವೆ. ಗಾಡಿ ಒಳಕ್ಕೆ ಹೋಗುತ್ತದೆ, ಹೊರೆ ಇಳಿಸುತ್ತದೆ. ಎಲ್ಲಿ ಇಳಿಸುತ್ತದೆ ಅನ್ನುವುದು ಮಾತ್ರ ನಮ್ಮ ಕೈಯಲ್ಲಿಲ್ಲ.

ಆ ವೈರಸ್ಸಿನ ಎರಡೂ ತುದಿಯಲ್ಲಿ ಜೀನನ್ನು ಎಬ್ಬಿಸುವ ಸ್ವಿಚ್ಚಿನಂಥದ್ದು ಇರುತ್ತದೆ. ಬಹಳ ಜೋರಿನದು. ನಮ್ಮೂರಲ್ಲಿ ಮದುವೆಮನೆಗೆ ಮೈಕ್‌ಸೆಟ್ಟು ಕಟ್ಟಿದರೆ ಪಕ್ಕದ ಮನೆಯಲ್ಲಿ ಮಲಗಿದವರೂ ಎದ್ದು ಕೂರುತ್ತಾರಲ್ಲ, ಹಾಗೆ. ಎದ್ದವರು ಸಾಧುಗಳಾದರೆ ಪರವಾಗಿಲ್ಲ. ಕಣವನ್ನು ಬೆಳೆಸುವ ಜೀನ್ ಪಕ್ಕದಲ್ಲಿದ್ದು ಅದು ಎದ್ದುಬಿಟ್ಟರೆ, ಆ ಒಂದು ಕಣ ಎರಡಾಗಿ, ಎರಡು ನಾಲ್ಕಾಗಿ, ತಡೆಯಿಲ್ಲದೆ ಬೆಳೆಯುತ್ತದೆ. ಅಂದರೆ ರಕ್ತದ ಕ್ಯಾನ್ಸರ್.

ನನ್ನ ಕೆಲಸ ಆ ತುದಿಯ ಮೈಕ್‌ಸೆಟ್ಟನ್ನು ಕಿತ್ತುಹಾಕಿ, ಒಳಗಿನ ಜೀನಿಗೆ ಮಾತ್ರ ಕೇಳಿಸುವಷ್ಟು ಸಣ್ಣದೊಂದನ್ನು ಇಡುವುದು. ಅದು ಇನ್ನೂ ಇಲಿಗಳ ಮಟ್ಟದಲ್ಲಿದೆ. ಮಕ್ಕಳಿಗೆ ಈಗ ಕೊಡುವುದು ಹಳೆಯದು, ಮೈಕ್‌ಸೆಟ್ಟು ಇರುವಂಥದ್ದು. ಹಳೆಯದನ್ನು ಹಾಕಿದ್ದ ನನ್ನ ಇಲಿಗಳಲ್ಲಿ ಒಂದಕ್ಕೆ ಕಳೆದ ತಿಂಗಳು ಗುಲ್ಮ ಊದಿಕೊಂಡಿತು. ಕೊಯ್ದು ನೋಡಿದೆ. ಕ್ಯಾನ್ಸರ್. ಒಂದು ಇಲಿಯಿಂದ ಏನೂ ತೀರ್ಮಾನ ಮಾಡಲಾಗದು ಅನ್ನುತ್ತಾರೆ ಪ್ರೊಫೆಸರು. ಅವರ ಮಾತು ಸರಿ. ಆದರೂ ಆ ಇಲಿ ನನಗೆ ಊಟ ಸೇರದ ಹಾಗೆ ಮಾಡಿದೆ.

ನೀನು ಏನು ಅನ್ನುತ್ತೀಯೆಂದು ಗೊತ್ತು. ಅಂದುಬಿಡು, ಕೇಳಿಸಿಕೊಳ್ಳುತ್ತೇನೆ.

ಸುಧಾ

*

ಹನಗೋಡು
20-8-2002

ಸುಧಾ,

ಅಂದೇಬಿಡುತ್ತೇನೆ. ಒಂದು ಇಲಿ ಸತ್ತದ್ದಕ್ಕೆ ನೀನು ಊಟ ಬಿಟ್ಟಿದ್ದೀಯ. ಇಲ್ಲಿ ನಿನ್ನ ಅಳಿಯ ಹಾಲು ಬಿಟ್ಟಿದ್ದಾನೆ. ತಿಂಗಳಲ್ಲಿ ಎರಡು ಸಲ ಮೈಸೂರಿಗೆ ಎತ್ತಿಕೊಂಡು ಓಡಿದ್ದೇವೆ. ಎದೆ ಗೊರಗೊರ ಅನ್ನುತ್ತದೆ. ಕ್ಯಾನ್ಸರ್ ಬರಬಹುದು ಅನ್ನುತ್ತೀಯಲ್ಲ, ಬರುವುದಕ್ಕೆ ಮೊದಲು ಮಗು ಉಳಿದಿರಬೇಕಲ್ಲ?

ಕಾಗದಪತ್ರ ಕಳಿಸಿದ್ದೇನೆ. ಪಾಸ್‌ಪೋರ್ಟು ಆಗಿದೆ. ಪೊಲೀಸಿನವರು ವಿಚಾರಣೆಗೆ ಬಂದಾಗ ಅವ್ವ, “ನನ್ ಮೊಮ್ಮಗ ಏನ್ ಕಳ್ತನ ಮಾಡವ್ನೆ ಆರ್ ತಿಂಗ್ಳ ಕೂಸು?” ಎಂದು ದಬಾಯಿಸಿ, ಆಮೇಲೆ ಕಾಫಿ ಕೊಟ್ಟು ಕಳಿಸಿದಳು.

ಒಂದು ವಿಷಯ ನನಗೆ ಅರ್ಥವಾಗುತ್ತಿಲ್ಲ. ಜರ್ಮನಿಗೆ ಹೋಗೋಣ ಅಂದರೆ ರಾಣಿ ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ. ಹಾರನಹಳ್ಳಿಯಿಂದ ಶಿವನಂಜಕ್ಕ ಸಿಂಧುವನ್ನು ಕರೆದುಕೊಂಡು ಮಗುವನ್ನು ನೋಡಲು ಬಂದಿದ್ದಳು. ನಾನು ಒಳಗೆ ಬಿಡಲಿಲ್ಲ. ಹುಡುಗಿ ಕಿಟಕಿಯ ಹತ್ತಿರ ಹೋಗಿ, “ಅತ್ತೆ, ಪಾಪೂನ ಎತ್ತಿ ತೋರ್ಸಿ” ಅಂದಳು. ರಾಣಿ ಪರದೆಯ ಒಳಗಿನಿಂದಲೇ ಅವಳ ಕೈಮೇಲೆ ಕೈ ಇಟ್ಟುಕೊಂಡು ನಿಂತವಳು ಬಿಡಲೇ ಇಲ್ಲ. ಅಕ್ಕ ಬಸ್ಸಿಗೆ ಹೊತ್ತಾಯಿತು ಎಂದು ಹುಡುಗಿಯನ್ನು ಎಳೆದುಕೊಂಡು ಹೋದಳು. ಆವತ್ತಿನಿಂದ ರಾಣಿ ಆ ಕಿಟಕಿಯ ಹತ್ತಿರವೇ ಕೂರುತ್ತಾಳೆ.

ಹೆಂಗಸರ ಮನಸ್ಸು ಹೆಂಗಸಿಗೇ ಗೊತ್ತು, ನೀನೇ ಅವಳಿಗೆ ಬುದ್ಧಿ ಹೇಳಿ ಬರೆ. ನಾವು ಅಕ್ಟೋಬರಿನಲ್ಲಿ ಹೊರಡುತ್ತೇವೆ.

ಮಾದೇಶ

*

ಹ್ಯಾಂಬರ್ಗ್
5-10-2002

ಅಣ್ಣ,

ಹೊರಡಬೇಡ.

ಬೇರೆ ದೇಶದಲ್ಲಿ ಇದೇ ಚಿಕಿತ್ಸೆ ಪಡೆದು ಪೂರ್ತಿ ಗುಣವಾಗಿ ಆಡಿಕೊಂಡಿದ್ದ ಒಂದು ಮಗುವಿಗೆ ರಕ್ತದ ಕ್ಯಾನ್ಸರ್ ಬಂದಿದೆ. ಇಲ್ಲಿ ಎಲ್ಲ ಪತ್ರಿಕೆಗಳಲ್ಲೂ ಬಂತು. ನಾನು ನಿನಗೆ ಬರೆದಿದ್ದೆನಲ್ಲ, ಹಾಗೆಯೇ ಆಗಿದೆ. ಬೆಳೆಸುವ ಜೀನಿನ ಪಕ್ಕದಲ್ಲೇ ಹೋಗಿ ಇಳಿದಿದೆ. ನಮ್ಮ ಲ್ಯಾಬಿನಲ್ಲಿ ನನ್ನ ಪಕ್ಕದ ಟೇಬಲಿನವನು ಕೈಗವಸು ತೆಗೆಯದೆ ಮಧ್ಯಾಹ್ನದ ತನಕ ಹಾಗೆಯೇ ಕೂತಿದ್ದ.

ಪ್ರೊಫೆಸರು ನನ್ನನ್ನು ಕರೆಸಿದರು. ಇಲ್ಲಿಯ ಪ್ರಯೋಗವನ್ನು ಇನ್ನೂ ನಿಲ್ಲಿಸಿಲ್ಲ, ಇನ್ನೊಂದು ತಿಂಗಳಿನಲ್ಲಿ ನಿಲ್ಲಿಸಬಹುದು. ಅಷ್ಟರೊಳಗೆ ಬಂದರೆ ಬೀರೇಶನಿಗೆ ಕೊಡಬಹುದು, ಬೇರೆ ಮಕ್ಕಳು ಚೆನ್ನಾಗಿಯೇ ಇದ್ದಾರೆ, ಹೆತ್ತವರೇ ತೀರ್ಮಾನಿಸಲಿ ಅಂದರು. ನೀನೇನು ಹೇಳುತ್ತೀಯ ಎಂದು ಕೇಳಿದರು. ಬೇಡ ಅಂದೆ. ಆ ಜಾಗ ಬೇರೆ ಮಗುವಿಗೆ ಹೋಯಿತು.

ಹೌದು, ನಿನ್ನನ್ನು ಕೇಳದೆಯೇ ಅಂದೆ. ನಿನ್ನನ್ನು ಕೇಳಿದ್ದರೆ ನೀನು ಬೇಕು ಅನ್ನುತ್ತಿದ್ದೆ. ಬೇಕು ಅನ್ನುವ ನಿನ್ನ ದನಿ ಫೋನಿನಲ್ಲಿ ಕೇಳಿದ್ದರೆ ನಾನೂ ಸೋಲುತ್ತಿದ್ದೆ. ನಾನು ದಿನಾ ಕೈಯಲ್ಲಿ ಹಿಡಿಯುವ ವಸ್ತು ಅದು ಅಣ್ಣ. ಅದನ್ನು ನಮ್ಮ ಮಗುವಿನ ಮೈಗೆ ಹಾಕಿಸಲು ನನ್ನಿಂದ ಆಗಲಿಲ್ಲ.

ನಿನ್ನ ಮಜ್ಜೆ ಅರ್ಧ ಹೊಂದುತ್ತದೆ. ಅದನ್ನೇ ಕೊಡಿಸೋಣ. ತಮಿಳುನಾಡಿನ ಒಂದು ಆಸ್ಪತ್ರೆಯಲ್ಲಿ ಮಾಡುತ್ತಾರೆ, ಡಾಕ್ಟರಿಗೆ ಬರೆದಿದ್ದೇನೆ. ಅದರಲ್ಲೂ ಅಪಾಯವಿದೆ, ಮುಚ್ಚಿಡುವುದಿಲ್ಲ.

ನಿನ್ನ
ಸುಧಾ

*

ಹನಗೋಡು
17-10-2002

ಸುಧಾ,

ಬೀರೇಶನನ್ನು ಮತ್ತೆ ಆಸ್ಪತ್ರೆಗೆ ಸೇರಿಸಿದೆ. ಈ ಸಲ ಆಮ್ಲಜನಕ ಕೊಟ್ಟಿದ್ದಾರೆ. ಇದ್ದ ಒಂದು ಬಾಗಿಲನ್ನು ನೀನೇ ಮುಚ್ಚಿದೆ. ನನಗೆ ತಂಗಿ ಒಬ್ಬಳು ಇದ್ದಳು ಅಂದುಕೊಳ್ಳುತ್ತೇನೆ. ಕಾಗದ ಹಾಕಬೇಡ, ಫೋನೂ ಮಾಡಬೇಡ.

ಮಾದೇಶ

*

ಮೈಸೂರು
24-10-2002

ಸುಧಾ,

ನಾನು ನಿನ್ನ ಅತ್ತಿಗೆ ರಾಣಿ. ನಿನಗೆ ನಾನು ಕಾಗದ ಬರೆದವಳಲ್ಲ. ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ, ನಿಮ್ಮಣ್ಣ ಊಟಕ್ಕೆ ಹೋಗಿದ್ದಾರೆ. ಫೋನು ಮಾಡಬಹುದಿತ್ತು. ಆದರೆ ಊರಿನ ಬೂತಿನಲ್ಲಿ ಚಲುವಯ್ಯ ಕಿವಿಯಿಟ್ಟುಕೊಂಡು ಕೂತಿರುತ್ತಾನೆ, ಇಲ್ಲಿಯ ಬೂತಿನಲ್ಲಿ ನಿಂತರೆ ನನಗೆ ಬರೀ ಅಳು ಬರುತ್ತದೆ.

ನೀನು ಬೇಡ ಅಂದದ್ದಕ್ಕೆ ನನಗೆ ಸಿಟ್ಟಿಲ್ಲ. ನಿನ್ನ ಮೊದಲ ಕಾಗದವನ್ನು ನಿಮ್ಮಣ್ಣ ಓದಿ ಹೇಳಿದಾಗಲೇ ನನ್ನ ಎದೆ ಒಡೆಯಿತು. ಒಡಹುಟ್ಟಿದವರು ಇದ್ದರೆ ಒಳ್ಳೆಯದು ಎಂದು ಬರೆದಿದ್ದೆಯಲ್ಲ. ಇದ್ದಾರೆ. ಸಿಂಧು ನನ್ನ ಮಗಳು.

ಸತ್ತು ಹುಟ್ಟಿದ ಗಂಡುಮಗು ಶಿವನಂಜಕ್ಕನದು. ಅದು ಅವರಿಗೆ ಹತ್ತು ವರ್ಷದ ಮೇಲೆ ನಿಂತ ಬಸುರು. ಅವರ ಅತ್ತೆ ಆಗಲೇ ಮಗನಿಗೆ ಕಂಪಲಾಪುರದಲ್ಲಿ ಎರಡನೇ ಹೆಣ್ಣು ನೋಡಿಟ್ಟಿದ್ದರು. ಅಕ್ಕ ಹೆರಿಗೆಗೆ ತವರಿಗೆ ಬಂದರು. ನನಗೆ ತಾಯಿ ಇಲ್ಲ, ಹೋಗಲು ತವರೂ ಇಲ್ಲ, ಆದ್ದರಿಂದ ನನ್ನ ಹೆರಿಗೆಯೂ ಹನಗೋಡಿನಲ್ಲೇ ಆಯಿತು. ಅಕ್ಕನ ಮಗು ಅಳಲಿಲ್ಲ. ಮಾರನೆಯ ಬೆಳಿಗ್ಗೆ ನನಗೆ ಹೆಣ್ಣು ಹುಟ್ಟಿತು. ಅಳುವ ದನಿ ಬೀದಿಗೆ ಕೇಳಿಸಿತಂತೆ. ನಿಮ್ಮವ್ವ ಬಂದು ನನ್ನ ಪಕ್ಕದಲ್ಲಿ ಕೂತು, “ನಿಂಗೆ ವಯಸ್ಸದೆ ಕಣವ್ವ, ಇನ್ನೂ ಎತ್ತೀಯ. ಅವಳು ಬರಿಗೈಲಿ ಓದ್ರೆ ಆ ಮನೆ ಬಾಗ್ಲು ಮುಚ್ಚೋಯ್ತದೆ” ಅಂದರು. ಮಗುವನ್ನು ಎತ್ತಿಕೊಂಡು ಹೋಗಿ ಅಕ್ಕನ ಮಡಿಲಿಗೆ ಹಾಕಿದರು. ನಿಮ್ಮಣ್ಣ ಬಾಗಿಲಲ್ಲಿ ನಿಂತಿದ್ದರು. ತಲೆ ತಗ್ಗಿಸಿಕೊಂಡು ಹೊರಗೆ ಹೋದರು. ನಾನು ಕೊಟ್ಟೆನೋ ಅವರು ತೆಗೆದುಕೊಂಡರೋ, ನನಗೆ ಇವತ್ತಿಗೂ ಗೊತ್ತಿಲ್ಲ ಸುಧಾ.

ಅಕ್ಕನಿಗೆ ಹಾಲು ಬರಲಿಲ್ಲ. ಬಾಣಂತನ ಮುಗಿಯುವ ತನಕ ಬಾಗಿಲು ಮುಚ್ಚಿಕೊಂಡು ನಾನೇ ಹಾಲು ಕೊಟ್ಟೆ. ಆಮೇಲೆ ಸಿಂಧು ತೊಟ್ಟಿಲ ಜೊತೆ ಹಾರನಹಳ್ಳಿಗೆ ಹೋದಳು. ನಿಮ್ಮವ್ವ ದೇವರ ದೀಪ ಮುಟ್ಟಿಸಿ, ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡರು. ಈಗ ಅವಳು ನನ್ನನ್ನು ಅತ್ತೆ ಅನ್ನುತ್ತಾಳೆ.

ಮೈಸೂರಿನ ಡಾಕ್ಟರು ಕೇಳಿದಾಗ ನಿಮ್ಮಣ್ಣ ಇಲ್ಲ ಅಂದರು. ಸುಳ್ಳು ಹೇಳುತ್ತಿದ್ದೇನೆ ಅನ್ನುವುದೇ ಅವರಿಗೆ ಹೊಳೆದಿರಲಾರದು. ನಮ್ಮ ಮನೆಯಲ್ಲಿ ಅವಳನ್ನು ಅಷ್ಟು ಪೂರ್ತಿಯಾಗಿ ಕೊಟ್ಟುಬಿಟ್ಟಿದ್ದಾರೆ. ನಾನೂ ಅಲ್ಲೇ ನಿಂತಿದ್ದೆ.

ಅಕ್ಕನ ಗಂಡನಿಗೆ, ಅವರ ಅತ್ತೆಗೆ ಇದು ಗೊತ್ತಿಲ್ಲ. ಗೊತ್ತಾದರೆ ಅಕ್ಕನ ಗತಿ ಏನಾಗುತ್ತದೋ. ನನಗೆ ಸಿಂಧು ವಾಪಸು ಬೇಡ. ಬೇಡ ಅಂತ ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದೇನೆ, ಬೇಡ. ಬೀರೇಶ ಉಳಿದರೆ ಸಾಕು. ಏನು ಮಾಡಬೇಕೋ ನೀನೇ ಮಾಡು.

ರಾಣಿ

*

ಹ್ಯಾಂಬರ್ಗ್
6-11-2002

ಅಕ್ಕ,

ಈ ಕಾಗದವನ್ನು ನಿನ್ನ ಹಾಲಿನ ಡೈರಿಯ ವಿಳಾಸಕ್ಕೆ ಹಾಕಿದ್ದೇನೆ. ಅಲ್ಲಿ ನೀನು ಸೆಕ್ರೆಟರಿ, ಕಾಗದ ನೀನೇ ಒಡೆಯುತ್ತೀಯ. ಬಾಗಿಲು ಹಾಕಿಕೊಂಡು ಓದು.

ಅತ್ತಿಗೆ ನನಗೆ ಎಲ್ಲ ಬರೆದಿದ್ದಾರೆ. ಓದಿದ ಮೇಲೆ ನಾನು ಅವ್ವನನ್ನು ಬೈದೆ, ನಿನ್ನನ್ನು ಬೈದೆ, ತಲೆ ತಗ್ಗಿಸಿಕೊಂಡು ಹೊರಗೆ ಹೋದ ಅಣ್ಣನನ್ನು ಎಲ್ಲರಿಗಿಂತ ಹೆಚ್ಚಾಗಿ ಬೈದೆ. ಬೈದು ಮುಗಿಸಿ ಕೂತಾಗ ನಿನ್ನ ಮುಖ ಕಣ್ಣಮುಂದೆ ಬಂತು. ಹತ್ತು ವರ್ಷ ಆ ಮನೆಯ ಮಾತು ತಿಂದು ಬಂದು, ಹೆತ್ತ ಮಗು ಅಳದೆ ಮಲಗಿದ್ದನ್ನು ನೋಡಿದವಳು ನೀನು. ಆ ಹೊತ್ತಿನಲ್ಲಿ ಮಡಿಲಿಗೆ ಬಿದ್ದ ಕೂಸನ್ನು ಬೇಡ ಅನ್ನಲು ನನ್ನಿಂದಲೂ ಆಗುತ್ತಿರಲಿಲ್ಲ. ಆದ್ದರಿಂದ ನ್ಯಾಯ ಹೇಳುವುದಿಲ್ಲ. ಕೇಳಿಕೊಳ್ಳುತ್ತೇನೆ.

ಸಿಂಧುವಿನ ಒಂದು ಚಮಚ ರಕ್ತ ಬೇಕು. ಹೊಂದುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಹೊಂದದೆ ಹೋದರೆ ನಿನ್ನ ಸಂಸಾರ ಕಲಕಿ ಏನೂ ಸಿಗದೆ ಹೋಗುತ್ತದೆ, ಅದನ್ನೂ ತಿಳಿದೇ ಕೇಳುತ್ತಿದ್ದೇನೆ. ಹೊಂದಿದರೆ, ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಸ್ವಲ್ಪ ಮಜ್ಜೆ ತೆಗೆಯುತ್ತಾರೆ. ಕೆಲವು ದಿನ ನೋವಿರುತ್ತದೆ, ತೆಗೆದದ್ದು ಮತ್ತೆ ತಾನೇ ಹುಟ್ಟುತ್ತದೆ. ಅವಳಿಗೆ ಕೊರತೆಯೇನೂ ಆಗುವುದಿಲ್ಲ.

ನಿನ್ನ ಔಷಧಿ ಎಲ್ಲಿ ಹೋಯಿತು ಎಂದು ಕೇಳುತ್ತೀಯ. ಅದರ ಅಪಾಯ ತೆಗೆಯುವ ಕೆಲಸದಲ್ಲೇ ಇದ್ದೇನೆ. ಇಲಿಗಳಲ್ಲಿ ಹೊಸದು ಇದುವರೆಗೆ ಸುಮ್ಮನಿದೆ. ಮಕ್ಕಳಿಗೆ ಕೊಡಲು ಇನ್ನೂ ಎಷ್ಟೋ ವರ್ಷ ಬೇಕು. ಅಣ್ಣತಮ್ಮ ಅಕ್ಕತಂಗಿ ಯಾರೂ ಇಲ್ಲದ ಮಕ್ಕಳಿಗಾಗಿ ಮಾಡುವ ಕೆಲಸ ಅಕ್ಕ ಇದು. ಬೀರೇಶನಿಗೆ ಅಕ್ಕ ಇದ್ದಾಳೆ. ಇಲ್ಲ ಎಂದು ಹೇಳಿ ಹೇಳಿ ಅವನನ್ನು ಕಳೆದುಕೊಳ್ಳುತ್ತಿದ್ದೇವೆ.

ಸಿಂಧುವನ್ನು ಯಾರೂ ನಿನ್ನಿಂದ ಕಿತ್ತುಕೊಳ್ಳುವುದಿಲ್ಲ. ಅತ್ತಿಗೆಯೇ ಹಾಗೆ ಬರೆದಿದ್ದಾರೆ. ಭಾವನಿಗೆ ಹೇಳುವುದೋ ಬಿಡುವುದೋ ನಿನಗೆ ಸೇರಿದ್ದು. ಆದರೆ ಬೇಗ ಅಕ್ಕ.

ನಿನ್ನ
ಸುಧಾ

*

ಹ್ಯಾಂಬರ್ಗ್
12-12-2002

ಅತ್ತಿಗೆ,

ಅಕ್ಕನಿಂದ ಒಂದು ಸಾಲೂ ಇಲ್ಲ. ತಾಳಲಾರದೆ ಡೈರಿಗೆ ಫೋನು ಮಾಡಿದೆ. “ಸೆಕ್ರೆಟ್ರಮ್ಮ ಈಗ ಬತ್ತಾ ಇಲ್ಲ ಕಣ್ರೀ, ಮನೇಲಿ ಏನೋ ಗಲಾಟೆಯಂತೆ” ಎಂದು ಯಾರೋ ಇಟ್ಟುಬಿಟ್ಟರು. ನಾನು ಅವಳ ಮನೆ ಮುರಿದೆನೇ? ಬೂತಿಗೆ ಕರೆಸಿದರೂ ಅಣ್ಣ ನನ್ನ ದನಿ ಕೇಳಿ ಫೋನು ಇಡುತ್ತಾನೆ. ಇಲ್ಲಿಯ ಪ್ರಯೋಗವೂ ಸದ್ಯಕ್ಕೆ ನಿಂತಿತು. ನಾನು ಬೇಡ ಅಂದದ್ದು ಸರಿ ಎಂದು ಎಲ್ಲರೂ ಹೇಳುತ್ತಾರೆ. ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಸರಿಯಾಗಿದ್ದುಕೊಂಡು ಮಗುವನ್ನು ಕಳೆದುಕೊಂಡರೆ ಆ ಸರಿಯನ್ನು ಏನು ಮಾಡಲಿ?

ಬೀರೇಶ ಹೇಗಿದ್ದಾನೆ? ಇದ್ದಾನೆ ಎಂದಾದರೂ ಒಂದು ಕಾರ್ಡು ಹಾಕಿ.

ಸುಧಾ

*

ಹಾರನಹಳ್ಳಿ
16-2-2003

ಸುಧಾ,

ಮೊದಲು ಇದನ್ನು ಓದಿಕೋ, ಇಲ್ಲದಿದ್ದರೆ ನೀನು ಮುಂದಿನದನ್ನು ಸರಿಯಾಗಿ ಓದುವವಳಲ್ಲ. ಬೀರೇಶ ಇದ್ದಾನೆ. ಸಿಂಧುವಿನ ಮಜ್ಜೆ ಹಿಡಿದಿದೆ. ಬಿಳಿಕಣ ಹುಟ್ಟುತ್ತಿವೆ, ಜ್ವರ ಬಿಟ್ಟಿದೆ, ಬಾಯಿಯ ಹುಣ್ಣು ಮಾಯ್ದಿದೆ. ಇನ್ನೂ ಕೆಲವು ತಿಂಗಳು ಆಸ್ಪತ್ರೆಯ ಹತ್ತಿರವೇ ಇರಬೇಕಂತೆ. ಅಲ್ಲಿ ಮಾದೇಶ ನಿನಗೆ ಬರೆಯಲು ಕೂತು ಎರಡು ಸಲ ಹರಿದುಹಾಕಿದ. ಏಳು, ನಾನೇ ಬರೀತೀನಿ ಅಂದೆ.

ನಿನ್ನ ಕಾಗದ ಬಂದ ದಿನವೇ ನಿಮ್ಮ ಭಾವನಿಗೆ ಹೇಳಿದೆ. ರಾಗಿ ಕೊಯ್ಲು ನಡೆಯುತ್ತಿತ್ತು. ಕುಡುಗೋಲು ಕೆಳಗಿಟ್ಟು ಬದುವಿನ ಮೇಲೆ ಕೂತರು. “ಇಷ್ಟ್ ವರ್ಸ ಪಕ್ದಲ್ಲೇ ಮನಿಕ್ಕಂಡು ಸುಳ್ ಯೋಳ್ದಲ್ಲಾ” ಅಂದರು. ಅಷ್ಟೇ. ಆಮೇಲೆ ನನ್ನ ಜೊತೆ ಮಾತು ಬಿಟ್ಟರು, ಊಟಕ್ಕೆ ಅವರ ಅಣ್ಣನ ಮನೆಗೆ ಹೋದರು. ನಮ್ಮತ್ತೆ ಪಾತ್ರೆಯೆಲ್ಲ ಅಂಗಳಕ್ಕೆ ಎಸೆದರು, ಕೇರಿಯವರನ್ನೆಲ್ಲ ಸೇರಿಸಿದರು. ನಾನು ಡೈರಿಗೆ ಹೋಗುವುದನ್ನು ನಿಲ್ಲಿಸಿದೆ. ನಾಚಿಕೆಗಲ್ಲ. ನಾನಿಲ್ಲದಾಗ ಸಿಂಧುವಿಗೆ ಯಾರಾದರೂ ಏನಾದರೂ ಅಂದುಬಿಟ್ಟಾರು ಎಂದು.

ಒಂದು ಬೆಳಿಗ್ಗೆ ಅವಳಿಗೆ ಜಡೆ ಹಾಕುತ್ತಿದ್ದೆ. ಸ್ವಾಮಿ ಬಂದು ಬಾಗಿಲಲ್ಲಿ ನಿಂತರು. ಗಂಡನ ಹೆಸರು ಬರೆಯಬಾರದು ಅನ್ನುತ್ತಿದ್ದಳು ಅವ್ವ, ಇರಲಿ, ಬರೆಯುತ್ತೇನೆ, ವೀರಭದ್ರಸ್ವಾಮಿ. “ಮೈಸೂರ್ ಬಸ್ಸು ಎಷ್ಟೊತ್ಗೆ?” ಅಂದರು. “ಅವಳು ಯಾರ್ ಮಗಳು ಅಂತ ಆಮ್ಯಾಕೆ ಜಗಳ ಆಡುವಾ. ಆ ಕೂಸು ಅಲ್ಲೀಗಂಟ ಕಾಯ್ತದಾ? ನಡಿ” ಅಂದರು. ಸುಧಾ, ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಜಡೆಗೆ ಟೇಪು ಕಟ್ಟಿ ಹೊರಟೆ.

ರಕ್ತ ಪೂರ್ತಿ ಹೊಂದಿತು. ಡಾಕ್ಟರು ಅದನ್ನು ಹೇಳಿದಾಗ ಮಾದೇಶ ಆಸ್ಪತ್ರೆ ಅನ್ನುವುದನ್ನೂ ಮರೆತು ಜೋರಾಗಿ ಅತ್ತ. ಆಮೇಲೆ ಎಲ್ಲರೂ ತಮಿಳುನಾಡಿಗೆ ಹೋದೆವು. ಅಲ್ಲಿ ಸಹಿಗಾಗಿ, ಹುಡುಗಿಯ ತಾಯಿ ಯಾರು ಎಂದು ಕೇಳಿದರು. ನಾನೂ ರಾಣಿಯೂ ಒಟ್ಟಿಗೆ ನಿಂತಿದ್ದೆವು. ರಾಣಿ ನನ್ನ ಕಡೆ ಕೈ ತೋರಿಸಿದಳು. ನನಗೆ ತಡೆಯಲಾಗಲಿಲ್ಲ. ಹೆತ್ತವಳು ಇವಳು, ಸಾಕಿದವಳು ನಾನು, ಇಬ್ಬರ ಕೈಲೂ ಹಾಕಿಸಿಕೊಳ್ಳಿ ಅಂದೆ. ಸಿಂಧು ಅಲ್ಲೇ ಇದ್ದಳು. ಅವಳಿಗೆ ಮನೆಯಲ್ಲೇ ಮೆಲ್ಲಗೆ ಹೇಳಬೇಕೆಂದು ಎಷ್ಟೋ ಸಲ ಕೂತು, ಹೇಳದೆ ಎದ್ದಿದ್ದೆ. ಅವಳಿಗೆ ಗೊತ್ತಾಗಿದ್ದು ಹಾಗೆ.

ಅವ್ವ, “ಎಲ್ರಿಗೂ ಒಳ್ಳೇದಾಗ್ಲಿ ಅಂತ ಮಾಡ್ದೆ ಕಣವ್ವ” ಅಂದಳು. ರಾಣಿ ಅವಳನ್ನೇ ನೋಡಿ, “ಎಲ್ರಲ್ಲಿ ನಾನೂ ಒಬ್ಳು ಅಂತ ಒಂದಿನಾರ ಅನ್ನುಸ್ತಾ ಅತ್ತೆ?” ಅಂದಳು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ.

ಮಜ್ಜೆ ತೆಗೆದ ಮೇಲೆ ಸಿಂಧು ಒಂದು ದಿನ ಕುಂಟಿದಳು. ತಮ್ಮನನ್ನು ಗಾಜಿನ ಆಚೆಯಿಂದ ನೋಡಿ ನಕ್ಕಳು. ಏನೂ ಕೇಳಲಿಲ್ಲ. ಅವಳು ಕೇಳದೆ ಇದ್ದದ್ದೇ ನನಗೆ ಹೆದರಿಕೆ. ನಾವು ಊರಿಗೆ ಹೊರಡುವ ದಿನ ಚಪ್ಪಲಿ ಹಾಕಿಕೊಂಡವಳು ನಿಂತುಬಿಟ್ಟಳು. ನನ್ನನ್ನು ನೋಡಿದಳು, ರಾಣಿಯನ್ನು ನೋಡಿದಳು. “ನಾನೀಗ ಯಾರ್ ಮನೇಗೆ ಓಗ್ಬೇಕು?” ಅಂದಳು.

ರಾಣಿ ಹೂಂ ಅಂದಿದ್ದರೆ ಯಾರು ತಡೆಯುತ್ತಿದ್ದರು? ಅವಳು ಬಗ್ಗಿ ಸಿಂಧುವಿನ ಚಪ್ಪಲಿಯ ಪಟ್ಟಿ ಸರಿಮಾಡಿ, “ನಿಮ್ಮವ್ವನ್ ಜೊತೆ ಓಗವ್ವ, ಪರೀಕ್ಸೆ ಅತ್ರ ಬಂತು. ತಮ್ಮನ್ನ ನೋಡ್ಬೇಕು ಅನ್ಸಿದಾಗ ಬಾ” ಅಂದಳು. ಅಂದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ನೀರಿನ ಸದ್ದಿನಲ್ಲೂ ಅವಳು ಅಳುವುದು ನನಗೆ ಕೇಳಿಸಿತು. ಸಿಂಧುವಿಗೂ ಕೇಳಿಸಿರಬೇಕು.

ರೈಲಿನಲ್ಲಿ ಅವಳು ಹೊರಗೇ ನೋಡುತ್ತಿದ್ದಳು. ಮೈಸೂರಿನಲ್ಲಿ ಬಸ್ಸು ಹತ್ತಿದ ಮೇಲೂ ಅಷ್ಟೇ. ಕಿಟಕಿಗೆ ಒರಗಿ ಕೂತಿದ್ದಳು. ನಾನೂ ಮುಟ್ಟಲಿಲ್ಲ, ಮುಟ್ಟುವ ಧೈರ್ಯವಾಗಲಿಲ್ಲ. ಹುಣಸೂರು ದಾಟಿದ ಮೇಲೆ, “ಅವ್ವಾ” ಅಂದಳು.

“ಏನವ್ವ?” ಅಂದೆ.

“ಏನಿಲ್ಲ. ಸುಮ್ಕೆ ಕರ್ದೆ” ಅಂದಳು.

ನಿನ್ನ ಅಕ್ಕ
ಶಿವನಂಜಮ್ಮ